ಬೆಳಕಿಂಡಿಯ ಬಿಸಿಲು ಎಲ್ಲಿ ಬೀಳಬೇಕು?

"ಆ ಫೋಟೋದಾಗ ಬೆಳಕು ಇತ್ತಲ್ರಿ, ಅದು ಎಲ್ಲಿ ಹೋತು?"

ಹುಬ್ಬಳ್ಳಿಯ ಕೇಶ್ವಾಪುರದ ಒಂದು ಹೊಸ ಅಡುಗೆಮನೆಯಲ್ಲಿ ನಿಂತು ಆ ಮನೆಯ ಅಮ್ಮ ನನ್ನನ್ನು ಹೀಗೆ ಕೇಳಿದರು. 2023ರ ಬೇಸಿಗೆ. ಹೊರಗೆ ಬೆಳಗಿನ ಹನ್ನೊಂದೂವರೆಯ ರಣಬಿಸಿಲು. ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು.

ಅವರು ಹೇಳಿದ 'ಫೋಟೋ' ಅಂದರೆ ಆರ್ಕಿಟೆಕ್ಟರಾದ ನಾವು ಕೊಟ್ಟಿದ್ದ ರೆಂಡರ್, ಮನೆ ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಮಾಡುವ ಚಿತ್ರ. ಅದನ್ನು ಲ್ಯಾಮಿನೇಷನ್ ಮಾಡಿಸಿ, ಮನೆ ಕಟ್ಟುವಷ್ಟು ದಿನವೂ ಬಾಡಿಗೆ ಮನೆಯ ಗೋಡೆಗೆ ತೂಗುಹಾಕಿಕೊಂಡಿದ್ದರು. ಅದರಲ್ಲಿ ಗ್ರಾನೈಟ್ ಕಟ್ಟೆಯ ಮೇಲೆ ಬಂಗಾರದಂಥ ಬಿಸಿಲು ಬಿದ್ದಿತ್ತು. ನಿಜವಾದ ಕಿಟಕಿ ಇರುವುದು ಉತ್ತರಕ್ಕೆ. ಅದರಿಂದ 5 ಅಡಿ ಆಚೆ ಪಕ್ಕದವರ ಮೂರು ಅಂತಸ್ತಿನ ಗೋಡೆ.

ಆ ರೆಂಡರನ್ನು ನಾವು ಮಾಡಿರಲಿಲ್ಲ. ಮನೆಯ ಕಂಪ್ಯೂಟರ್ ಮಾಡೆಲ್ ಕಳಿಸಿ ಬೇರೆ ಊರಿನವರೊಬ್ಬರಿಂದ ಮಾಡಿಸಿದ್ದೆವು. ಆಮೇಲೆ ಫೈಲ್ ತರಿಸಿಕೊಂಡು ನೋಡಿದೆ. ಪಕ್ಕದ ಮನೆಯನ್ನು ಪೂರ್ತಿ ಅಳಿಸಿದ್ದರು. ಸೂರ್ಯನನ್ನು ಉತ್ತರದ ಕಡೆ ಅರ್ಧ ಆಕಾಶಕ್ಕೆ ಇಳಿಸಿದ್ದರು. ಅದೂ ಸಾಲದೆ ಕ್ಯಾಮೆರಾದ ಹಿಂದೆ ಎರಡು ದೊಡ್ಡ ಲೈಟ್ ಇಟ್ಟಿದ್ದರು. ಆದರೆ ಅವರನ್ನೇನು ಬೈಯುವುದು? ಚಂದ ಕಾಣುವಂತೆ ಮಾಡಿ ಅಂದವನು ನಾನು. ಬಂದ ಕೂಡಲೇ ನೋಡಿ "ಛಲೋ ಐತಿ" ಅಂತ ಮುಂದಕ್ಕೆ ಕಳಿಸಿದವನೂ ನಾನೇ.

ಮರುದಿನ ಬೆಳಕು ಅಳೆಯುವ ಲಕ್ಸ್ ಮೀಟರ್ ಇಸಕೊಂಡು ಹೋಗಿ ಕಟ್ಟೆಯ ಮೇಲೆ ಇಟ್ಟೆ. 60 ಲಕ್ಸ್. ಬಯಲಿನ ಬಿಸಿಲಿನಲ್ಲಿ ಇಟ್ಟರೆ ಅದೇ ಮೀಟರ್ ಒಂದು ಲಕ್ಷದ ಹತ್ತಿರ ತೋರಿಸುತ್ತದೆ. ತರಕಾರಿ ಹೆಚ್ಚುವ ಜಾಗಕ್ಕೆ 300 ಆದರೂ ಇರಲಿ ಅನ್ನುವುದು ನನ್ನ ಲೆಕ್ಕ. ಕೊನೆಗೆ ಕಪಾಟಿನ ಕೆಳಗೆ ಎಲ್‌ಇಡಿ ಪಟ್ಟಿ ಹಾಕಿಸಿಕೊಟ್ಟೆ, ನನ್ನ ಖರ್ಚಿನಲ್ಲಿ. ಆ ಅಮ್ಮ ಮತ್ತೇನೂ ಅನ್ನಲಿಲ್ಲ. ಲ್ಯಾಮಿನೇಷನ್ ಮಾಡಿದ ಹಾಳೆ ಮಾತ್ರ ಹೊಸ ಮನೆಯ ಗೋಡೆಗೆ ಬರಲಿಲ್ಲ.

ಇನ್ನು ಮುಂದೆ ರೆಂಡರಿಂಗ್ ಆಫೀಸಿನಲ್ಲೇ ಆಗಬೇಕು ಅಂತ ಅವತ್ತೇ ತೀರ್ಮಾನಿಸಿದೆ. ಆಫೀಸು ಅಂದರೆ ವಿದ್ಯಾನಗರದಲ್ಲಿ ಒಂದು ಮಹಡಿಯ ಮೇಲಿನ ಎರಡು ಕೋಣೆ. ನಾನು, ನನ್ನ ಪಾಲುದಾರ, ಒಬ್ಬ ಇಂಟರ್ನ್ ಹುಡುಗಿ. ಇದ್ದುದರಲ್ಲಿ ಗಟ್ಟಿ ಕಂಪ್ಯೂಟರಿನಲ್ಲಿ 4 ಜಿಬಿ ಮೆಮೊರಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ತೀರ್ಮಾನಕ್ಕೂ ಕೆಲಸ ಶುರುವಾಗುವುದಕ್ಕೂ ನಡುವೆ ಒಂದು ವರ್ಷ ಕಳೆಯಿತು. ಸಣ್ಣ ಆಫೀಸುಗಳಲ್ಲಿ ಹಾಗೇ ಅಲ್ವಾ.

ಯಾವ ಸಾಫ್ಟ್‌ವೇರ್ ತಗೋಬೇಕು ಅಂತ ಕೇಳಲು ಹೋದರೆ ಮದುವೆಗೆ ವರ ಹುಡುಕಿದ ಹಾಗೆ. ಒಬ್ಬೊಬ್ಬರದು ಒಂದೊಂದು ಶಿಫಾರಸು. ಬಿಲ್ಡರ್ ಕೆಲಸ ಜಾಸ್ತಿ ಮಾಡುವ ಗೆಳೆಯ ಲುಮಿಯನ್ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಇಂಟೀರಿಯರ್ ಮಾಡುವವರು ವಿ-ರೇ ಅಂದರು. ಇಂಟರ್ನ್ ಹುಡುಗಿ ಡಿ5 ಅಂದಳು, ಅವಳ ಬ್ಯಾಚಿನವರೆಲ್ಲ ಅದನ್ನೇ ಬಳಸುತ್ತಾರಂತೆ. ಮತ್ತೊಬ್ಬ ಏನೂ ಹೇಳದೆ ಒಂದು ಪೆನ್‌ಡ್ರೈವ್ ಕೈಗಿಟ್ಟ. "ಎಲ್ಲಾ ಅದಾವ ಇದರಾಗ, ಕ್ರ್ಯಾಕ್ ಸಮೇತ." ಇದು ನಮ್ಮ ಕಡೆಯ ನಿಜ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಅದನ್ನು ಹಾಗೇ ವಾಪಸ್ ಕೊಟ್ಟೆ. ಸಾಚಾತನ ಒಂದು ಕಾರಣ, ಹಿಂದೊಮ್ಮೆ ಅಂಥದ್ದೇ ಪೆನ್‌ಡ್ರೈವಿನಿಂದ ಎರಡು ವಾರದ ಡ್ರಾಯಿಂಗ್ ಕಳಕೊಂಡಿದ್ದು ಅದಕ್ಕಿಂತ ದೊಡ್ಡ ಕಾರಣ.

ಟ್ರಯಲ್ ಇದ್ದವನ್ನೆಲ್ಲ ಟ್ರಯಲ್ ಆಗಿ, ಪುಕ್ಕಟೆ ಇದ್ದವನ್ನು ಪುಕ್ಕಟೆಯಾಗಿ ಹಾಕಿಕೊಂಡು ನಾನೇ ನೋಡುವುದು ಅಂತಾಯಿತು. ಇದು 2024ರ ಆಗಸ್ಟ್. ಎಲ್ಲದಕ್ಕೂ ಒಂದೇ ಮಾಡೆಲ್ ಕೊಡಬೇಕು, ಅದು ಸೋಫಾ, ಕಾರು, ತೆಂಗಿನಮರ ಇರುವ ಮಾಡೆಲ್ ಆಗಬಾರದು ಅನ್ನುವುದಷ್ಟು ಮೊದಲೇ ಗೊತ್ತಿತ್ತು. ಬಯಲಿನಲ್ಲಿ ನಿಂತ ಮನೆಯನ್ನು ಬಿಸಿಲಿನಲ್ಲಿ ಯಾವ ಸಾಫ್ಟ್‌ವೇರ್ ಆದರೂ ಚಂದ ತೋರಿಸುತ್ತದೆ. ಪರೀಕ್ಷೆ ಇರುವುದು ಕತ್ತಲೆ ಕೋಣೆಯಲ್ಲಿ.

ಅಂಥ ಕೋಣೆ ಅಷ್ಟರಲ್ಲೇ ಕೈಗೆ ಬಂದಿತ್ತು. ಧಾರವಾಡದ ಸಾಧನಕೇರಿಯಲ್ಲಿ ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರ ಮನೆ. ಅವರು ಹುಟ್ಟಿ ಬೆಳೆದದ್ದು ಅಣ್ಣಿಗೇರಿಯ ಮಣ್ಣಿನ ಮಾಳಿಗೆ ಮನೆಯಲ್ಲಿ. ಅವರದು ಒಂದೇ ಹಟ: ಪಡಸಾಲೆಯ ನಡುವೆ ಬೆಳಕಿಂಡಿ ಬೇಕು. ಸೂರಿನಲ್ಲಿ 2 ಅಡಿಗೆ 2 ಅಡಿ ಕಿಂಡಿ, ಕೆಳಗೆ ಕೆಂಪು ರೆಡ್ ಆಕ್ಸೈಡ್ ನೆಲ. ಎರಡು ಬದಿಗೆ ಕೋಣೆಗಳು ಬಂದು ಪಡಸಾಲೆಗೆ ಬೇರೆ ಕಿಟಕಿಗೆ ಜಾಗವೇ ಇರಲಿಲ್ಲ. ಸೂರಿನ ಎತ್ತರ 11 ಅಡಿ.

ಮಾಡೆಲ್ ಇದ್ದದ್ದು ಸ್ಕೆಚ್‌ಅಪ್‌ನಲ್ಲಿ, ನಾವು ಮನೆಯ ಮಾಡೆಲ್ ಮಾಡುವ ಸಾಫ್ಟ್‌ವೇರ್ ಅದು. ಮೊದಲು ಎನ್‌ಸ್ಕೇಪ್ ಹಾಕಿದೆ. ಅದು ಸ್ಕೆಚ್‌ಅಪ್ ಒಳಗೇ ಕೂರುತ್ತದೆ. ಅತ್ತ ಗೋಡೆ ಸರಿಸಿದರೆ ಇತ್ತ ಚಿತ್ರದಲ್ಲೂ ಆಗಲೇ ಸರಿದಿರುತ್ತದೆ. ಇಷ್ಟು ಸಲೀಸು ಇನ್ನೊಂದು ಕಾಣಲಿಲ್ಲ. ಲುಮಿಯನ್‌ನ ಗಿಡಮರಗಳಿಗೆ ಸಾಟಿ ಇಲ್ಲ, ಆದರೆ ನನ್ನ ಪಡಸಾಲೆಯಲ್ಲಿ ಗಿಡ ಎಲ್ಲಿ? ಎಪಿಕ್ ಗೇಮ್ಸ್ 2019ರಲ್ಲಿ ಕೊಂಡುಕೊಂಡ ಟ್ವಿನ್‌ಮೋಷನ್ ಈಗ ವರ್ಷಕ್ಕೆ 10 ಲಕ್ಷ ಡಾಲರ್ ಒಳಗೆ ಆದಾಯ ಇರುವವರಿಗೆ ಪುಕ್ಕಟೆ. ಈ ಷರತ್ತು ಓದಿ ನನ್ನ ಪಾಲುದಾರ ಬಹಳ ಹೊತ್ತು ನಕ್ಕ. ವಿ-ರೇ ಬಗ್ಗೆ ದೂರು ಹೇಳುವಂಥದ್ದು ಏನೂ ಇಲ್ಲ, ಬಹುಶಃ ಈ ಎಲ್ಲದರಲ್ಲೂ ಪಳಗಿದ ಕೈ ಅದರದೇ. ಆದರೆ ವರ್ಷ ವರ್ಷ ಡಾಲರ್ ಲೆಕ್ಕದಲ್ಲಿ ಕಟ್ಟಬೇಕು. ತಿಂಗಳಿಗೆ ಎರಡು ಮೂರು ರೆಂಡರ್ ಮಾಡುವ ಆಫೀಸಿಗೆ ಅದು ಹೊರೆ.

ಮೊದಲ ವಾರದಲ್ಲೇ ಒಂದು ವಿಚಿತ್ರ ಕಂಡಿತು. ನನ್ನ ಹಳೆಯ ಕಾರ್ಡಿನಲ್ಲಿ ಓಡಿಸಿದ ರಿಯಲ್-ಟೈಮ್ ಸಾಫ್ಟ್‌ವೇರ್ ಒಂದರಲ್ಲಿ ಬಿಸಿಲಿನ ತುಂಡು ಕೆಂಪು ನೆಲದ ಮೇಲೆ ಬಿದ್ದು, ಸೂರೆಲ್ಲ ತಿಳಿಗೆಂಪಾಗಿ ಹೊಳೆಯಿತು. ಆಗಬೇಕಾದದ್ದೇ. ಕೆಂಪು ನೆಲದಿಂದ ಪುಟಿದ ಬೆಳಕು ಕೆಂಪಾಗಿಯೇ ಮೇಲೇರುತ್ತದೆ. ಸಂತೋಷವಾಯಿತು. ಸೂರನ್ನು ಇನ್ನಷ್ಟು ನೋಡೋಣ ಅಂತ ಕ್ಯಾಮೆರಾ ಮೇಲಕ್ಕೆ ತಿರುಗಿಸಿದೆ. ನೆಲದ ಬಿಸಿಲು ಚಿತ್ರದ ಚೌಕಟ್ಟಿನಿಂದ ಆಚೆ ಹೋಯಿತು. ಕೂಡಲೇ ಸೂರಿನ ಕೆಂಪೂ ಹೋಯಿತು! ಕೆಳಕ್ಕೆ ತಿರುಗಿಸಿದರೆ ಬರುತ್ತದೆ, ಮೇಲಕ್ಕೆ ತಿರುಗಿಸಿದರೆ ಮಾಯ. ಕಣ್ಣಾಮುಚ್ಚಾಲೆ.

ಇದು ಸಾಫ್ಟ್‌ವೇರಿನ ತಪ್ಪಲ್ಲ, ಅದರ ಕೆಲಸದ ರೀತಿ. ಸೆಕೆಂಡಿಗೆ ಮೂವತ್ತು ಚಿತ್ರ ತೋರಿಸಬೇಕಾದರೆ ಎಲ್ಲವನ್ನೂ ಲೆಕ್ಕ ಹಾಕುತ್ತ ಕೂರಲಾಗುವುದಿಲ್ಲ. ಹಾಗಾಗಿ ಪರದೆಯ ಮೇಲೆ ಏನು ಕಾಣುತ್ತಿದೆಯೋ ಅಷ್ಟರಿಂದಲೇ ಪುಟಿಯುವ ಬೆಳಕನ್ನು ಅಂದಾಜು ಮಾಡುತ್ತದೆ. ಕಾಣದ್ದು ಅದರ ಪಾಲಿಗೆ ಇಲ್ಲ. ರೇ ಟ್ರೇಸಿಂಗ್, ಅಂದರೆ ಬೆಳಕಿನ ಕಿರಣಗಳ ಜಾಡು ಹಿಡಿಯುವ ಕೆಲಸ ಮಾಡುವ ಕಾರ್ಡ್ ಇದ್ದರೆ ಈ ತೊಂದರೆ ಬಹಳ ಕಡಿಮೆ ಆಗುತ್ತದೆ. ನನ್ನ 1650ಕ್ಕೆ ಆ ಭಾಗ್ಯ ಇರಲಿಲ್ಲ.

ಹೀಗೆ ಸುತ್ತಿ ಬಳಸಿ ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್ ಹತ್ತಿರ ಬಂದೆ. ಪೂರ್ತಿ ಪುಕ್ಕಟೆ, ಯಾವ ಷರತ್ತೂ ಇಲ್ಲ. ಅದರೊಳಗೆ ಸೈಕಲ್ಸ್ ಅನ್ನುವ ರೆಂಡರರ್ 2011ರಿಂದ ಇದೆ. ಅದು ಮಾಡುವುದು ಪಾತ್ ಟ್ರೇಸಿಂಗ್. 1986ರಲ್ಲಿ ಜೇಮ್ಸ್ ಕಜಿಯಾ ಬೆಳಕಿನ ಓಡಾಟವನ್ನೆಲ್ಲ ಒಂದು ಸಮೀಕರಣದಲ್ಲಿ ಹಿಡಿದಿಟ್ಟರು, ಅದನ್ನು ಬಿಡಿಸುವ ದಾರಿಯಾಗಿ ಬಂದದ್ದು ಇದು. ಕ್ಯಾಮೆರಾದಿಂದ ಒಂದು ಕಿರಣ ಹೊರಡುತ್ತದೆ, ಗೋಡೆಗೆ ತಾಗುತ್ತದೆ, ಎತ್ತಲಾದರೂ ಪುಟಿಯುತ್ತದೆ, ಮತ್ತೆ ತಾಗುತ್ತದೆ. ಹೀಗೆ ಬೆಳಕು ಸಿಗುವವರೆಗೆ ಅಲೆಯುತ್ತದೆ. ಒಂದೊಂದು ಚುಕ್ಕೆಗೂ ನೂರಾರು ಸಲ. ಕ್ಯಾಮೆರಾ ಎತ್ತ ತಿರುಗಿದೆ ಅನ್ನುವುದರಿಂದ ಸೂರಿನ ಬಣ್ಣ ಬದಲಾಗುವುದಿಲ್ಲ.

ತೊಂದರೆ ಏನಂದರೆ, ಕಿಂಡಿ ಇರುವುದು 2 ಅಡಿ. ಕತ್ತಲೆ ಕೋಣೆಯಲ್ಲಿ ಅಲೆಯುವ ಕಿರಣಗಳಲ್ಲಿ ಅದನ್ನೋ, ನೆಲದ ಬಿಸಿಲನ್ನೋ ಹುಡುಕಿಕೊಂಡು ಹೋಗುವವು ಕಡಿಮೆ. ನೆಲದ ಬಿಸಿಲು ಸ್ವಚ್ಛವಾಗಿ ಬಂತು. ಗೋಡೆಗಳ ಮೇಲೆ ಮಾತ್ರ ರವೆ ಚೆಲ್ಲಿದ ಹಾಗೆ ಕಾಳುಕಾಳು. ಈ ಕಾಳು ಅರ್ಧಕ್ಕೆ ಇಳಿಯಬೇಕಾದರೆ ಸ್ಯಾಂಪಲ್, ಅಂದರೆ ಒಂದೊಂದು ಚುಕ್ಕೆಗೆ ಕಳಿಸುವ ಕಿರಣ, ನಾಲ್ಕು ಪಟ್ಟು ಆಗಬೇಕು, ಅಂದರೆ ಹೊತ್ತೂ ನಾಲ್ಕು ಪಟ್ಟು. ಇನ್ನೂ ಅರ್ಧ ಬೇಕೆಂದರೆ ಹದಿನಾರು ಪಟ್ಟು. ಒಂದು ರಾತ್ರಿ ಹಚ್ಚಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಕಂಪ್ಯೂಟರ್ ಲಾಗಿನ್ ಕೇಳುತ್ತಿದೆ. ರಾತ್ರಿ ಎರಡರ ಸುಮಾರಿಗೆ ಕರೆಂಟ್ ಹೋಗಿ, ಯುಪಿಎಸ್ ಅರ್ಧ ತಾಸು ಎಳೆದು ಕೈಚೆಲ್ಲಿತ್ತು. ಎರಡನೇ ರಾತ್ರಿಯೂ ಅದೇ ಕತೆ. ಮೂರನೇ ದಿನ ಕಾಳನ್ನು ಅಳಿಸುವ ಡಿನಾಯ್ಸರ್ ಹಾಕಿ ಕಡಿಮೆ ಸ್ಯಾಂಪಲ್‌ನಲ್ಲಿ ಮುಗಿಸಿದೆ. ಗೋಡೆಯೇನೋ ನುಣುಪಾಯಿತು. ಆದರೆ ಅಂಚಿಗೆ ಹಾಕಿದ್ದ ಶಹಾಬಾದ್ ಕಲ್ಲಿನ ಮೈಯೂ ಅದರ ಜೊತೆಗೇ ನುಣುಪಾಗಿ ಪ್ಲಾಸ್ಟಿಕ್ ಆಯಿತು.

ಆದರೂ ಬಿಸಿಲಿನ ಅಂಚು ನೋಡಿ ನಾನು ಇದಕ್ಕೆ ಮನಸೋತೆ. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ 11 ಅಡಿ ಮೇಲಿನ ಕಿಂಡಿಯಿಂದ ಬಿದ್ದ ಬಿಸಿಲಿನ ಅಂಚು ಚಾಕುವಿನಿಂದ ಕೊಯ್ದ ಹಾಗೆ ಇರುವುದಿಲ್ಲ. ಸುಮಾರು ಒಂದೂಕಾಲು ಇಂಚು ಮಬ್ಬಾಗಿ ಕರಗುತ್ತದೆ. ಬ್ಲೆಂಡರಿನಲ್ಲಿ ಆಕಾಶದ ಬೆಳಕು ಕೊಡುವ ಸ್ಕೈ ಟೆಕ್ಸ್ಚರ್‌ನಲ್ಲಿ ಸೂರ್ಯನ ಗಾತ್ರ ಮೊದಲೇ ಸರಿಯಾಗಿ ಇರುತ್ತದೆ, ಅಂಚು ತಾನೇ ಕರಗುತ್ತದೆ. ನಿಮ್ಮ ಮನೆಯ ಹೆಂಚಿನ ಸಂದಿಯಿಂದ ಬಿದ್ದ ಬಿಸಿಲು ನೋಡಿ, ಗೊತ್ತಾಗುತ್ತದೆ.

ಮಾಡಿದ್ದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆ. ಮೇಷ್ಟ್ರಿಗೆ ಕಾಳಿನ ಬಗ್ಗೆಯೂ ಪ್ಲಾಸ್ಟಿಕ್ ಕಲ್ಲಿನ ಬಗ್ಗೆಯೂ ಕಾಳಜಿ ಇರಲಿಲ್ಲ. ಕನ್ನಡಕ ಏರಿಸಿ, ಪರದೆಯ ಹತ್ತಿರ ಬಂದು ನೋಡಿದರು.

"ಇದು ಯಾವ ತಿಂಗಳ ಬಿಸಿಲ್ರಿ?"

"ಮೇ ಮೊದಲ ವಾರ ಸರ್. ನಡುಮಧ್ಯಾಹ್ನ."

"ಹಂಗಾದ್ರ ತಪ್ಪು ಐತಿ."

ಬಿಸಿಲಿನ ತುಂಡು ಬೆಳಕಿಂಡಿಯ ನೇರ ಕೆಳಗೆ ಇರಲಿಲ್ಲ. 5 ಅಡಿ ಉತ್ತರಕ್ಕೆ, ದೇವರಮನೆ ಬಾಗಿಲ ಕಡೆ ಬಿದ್ದಿತ್ತು. ನಮ್ಮಿಬ್ಬರಿಗೂ ಕಣ್ಣೆದುರೇ ಇತ್ತು, ನನಗೆ ಕಂಡಿರಲಿಲ್ಲ ಅಷ್ಟೇ. ಮೇಷ್ಟ್ರು ಹೇಳಿದರು: "ಅಣ್ಣಿಗೇರಿ ಮನ್ಯಾಗ ಬೆಳಕಿಂಡಿ ಕೆಳಗ ಒರಳು ಇತ್ರಿ. ಬಸವ ಜಯಂತಿ ಸುಮಾರಿಗೆ ನಡುಮಧ್ಯಾಹ್ನ ಬಿಸಿಲು ಸೀದಾ ಒರಳಾಗ ಬೀಳತಿತ್ತು. ನಮ್ಮವ್ವ ಅದನ್ನ ನೋಡೇ ಊಟಕ್ಕ ಕರೀತಿದ್ಲು."

ನಾನು "ಸರ್, ಇದು ಸಾಫ್ಟ್‌ವೇರ್ ಲೆಕ್ಕ ಹಾಕಿದ್ದು" ಅಂದೆ. ಈಗ ನೆನೆಸಿಕೊಂಡರೂ ಮುಜುಗರ ಆಗುತ್ತದೆ. ಮೇಷ್ಟ್ರು ಸಿಟ್ಟಾಗಲಿಲ್ಲ, ಪೇಢೆ ಕೊಟ್ಟರು.

ವಾಪಸ್ ಬರುವಾಗ ಉಣಕಲ್ ದಾಟುವಷ್ಟರಲ್ಲಿ ಅನುಮಾನ ಹತ್ತಿತು. ಆಫೀಸಿಗೆ ಬಂದು ಸ್ಕೆಚ್‌ಅಪ್ ಮಾಡೆಲ್ ತೆರೆದು, ಸ್ಥಳದ ಮಾಹಿತಿ ನೋಡಿದೆ. ಬೌಲ್ಡರ್, ಕೊಲರಾಡೊ. ಸ್ಕೆಚ್‌ಅಪ್ ಹುಟ್ಟಿದ ಊರದು. ನಾವಾಗಿ ಊರು ಹೇಳುವವರೆಗೆ ಅದು ತನ್ನ ಊರಿನ ಸೂರ್ಯನನ್ನೇ ತೋರಿಸುತ್ತದೆ. ಬೌಲ್ಡರ್ ಇರುವುದು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಧಾರವಾಡ 15.46ರಲ್ಲಿ. ನಾನು ಮಾಡೆಲ್ ಜೊತೆ ಅಲ್ಲಿನ ಸೂರ್ಯನ ಕೋನವನ್ನೇ ಎತ್ತಿಕೊಂಡು ಹೋಗಿ ಬ್ಲೆಂಡರ್‌ನಲ್ಲಿ ಕೂರಿಸಿದ್ದೆ. ಸಾಧನಕೇರಿಯ ಪಡಸಾಲೆಯಲ್ಲಿ ಅಮೆರಿಕದ ಬಿಸಿಲು!

ಆ ರಾತ್ರಿ ಪೆನ್ಸಿಲ್ ಹಿಡಿದು ಕೂತೆ. ನಮ್ಮ ಕಡೆ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ಬರುತ್ತಾನೆ, ಮೇ 2-3ರ ಸುಮಾರಿಗೆ ಒಮ್ಮೆ, ಆಗಸ್ಟ್ 10-11ರ ಸುಮಾರಿಗೆ ಇನ್ನೊಮ್ಮೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಜೂನ್ 21ರಂದು ಬೆಳಕಿಂಡಿಯ ಬಿಸಿಲು ಒಂದೂವರೆ ಅಡಿ ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರ್ 21ರಂದು ಉತ್ತರಕ್ಕೆ ಸುಮಾರು 9 ಅಡಿ. ಬೌಲ್ಡರ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ಡಿಸೆಂಬರಿನ ಬಿಸಿಲಿಗೆ ನೆಲ ಮುಟ್ಟಲು ಅಲ್ಲಿ 22 ಅಡಿ ಉದ್ದದ ಕೋಣೆ ಬೇಕು. ಇನ್ನೊಂದು ವಿಷಯ, ನಮ್ಮ ನಡುಮಧ್ಯಾಹ್ನ 12 ಗಂಟೆಗೆ ಆಗುವುದಿಲ್ಲ. ಭಾರತದ ಗಡಿಯಾರ ಓಡುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಧಾರವಾಡ ಇರುವುದು 75ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಸೂರ್ಯ ಅರ್ಧ ತಾಸು ತಡ. ಮೇಷ್ಟ್ರ ಅವ್ವ ಊಟಕ್ಕೆ ಕರೆಯುತ್ತಿದ್ದದ್ದು ಹನ್ನೆರಡೂವರೆಗೆ ಅನ್ನಿ.

ಈ ಲೆಕ್ಕ ಮುಗಿದ ಮೇಲೆ ಹೊಟ್ಟೆಯಲ್ಲಿ ಚಳುಕು. ಒಂಬತ್ತು ವರ್ಷದಿಂದ ಸ್ಕೆಚ್‌ಅಪ್‌ನಲ್ಲಿ ನೆರಳು ಹಚ್ಚಿ ನೋಡಿ ಎಷ್ಟು ಸಜ್ಜಾ ಬರೆದಿದ್ದೇನೆ? ಹಳೆಯ ಫೈಲ್ ಒಂದೊಂದಾಗಿ ತೆರೆದೆ. ಏಳರಲ್ಲಿ ಬೌಲ್ಡರ್. ಬೇಸಿಗೆಯ ಮಧ್ಯಾಹ್ನ ಉತ್ತರದ ಕಿಟಕಿಗೆ ಬಿಸಿಲು ಬರುವುದೇ ಇಲ್ಲ ಅಂತ ಸಜ್ಜಾ ಕೈಬಿಟ್ಟ ಮನೆಗಳೂ ಅದರಲ್ಲಿ ಇದ್ದವು. ಯಾವ ಮನೆಗಳು ಅಂತ ಹೇಳುವುದಿಲ್ಲ.

ಆಮೇಲೆ ಬ್ಲೆಂಡರಿಗೆ ಸನ್ ಪೊಸಿಷನ್ ಅನ್ನುವ ಆಡ್-ಆನ್ ಹಾಕಿಕೊಂಡೆ. ಅಕ್ಷಾಂಶ, ರೇಖಾಂಶ, ತಾರೀಖು, ಹೊತ್ತು, ಗಡಿಯಾರದ ಐದೂವರೆ ತಾಸಿನ ಅಂತರ ಕೊಟ್ಟರೆ ಸೂರ್ಯ ಅದರ ಜಾಗಕ್ಕೆ ಹೋಗಿ ನಿಲ್ಲುತ್ತಾನೆ. ಮಾಡೆಲಿನ ಉತ್ತರ ಸರಿಯಾಗಿದೆಯೋ ಇಲ್ಲವೋ ನೋಡಿಕೊಳ್ಳುವುದು ಮಾತ್ರ ನಮ್ಮ ಕೆಲಸ. ಈಗ ಆಫೀಸಿನಲ್ಲಿ ಯಾವ ಫೈಲ್ ತೆರೆದರೂ ಇಂಟರ್ನ್ ಹುಡುಗಿಯ ಮೊದಲ ಪ್ರಶ್ನೆ, "ಸರ್, ಇದು ಯಾವ ಊರು?"

ಅಷ್ಟರಲ್ಲಿ ಮೇಷ್ಟ್ರ ಮಗ ಫೋನ್ ಮಾಡಿ ಬೆಳಕಿಂಡಿಗೆ ಗಾಜು ಬೇಕು ಅಂದ. ಮಳೆ, ಜೊತೆಗೆ ಧಾರವಾಡದ ಮಂಗಗಳು. ಮಾಡೆಲಿನಲ್ಲಿ ಗಾಜು ಹಾಕಿದೆ. ಬಿಸಿಲು ನಿಂತೇಹೋಯಿತು. ಪಡಸಾಲೆ ಕತ್ತಲು, ಅಲ್ಲಲ್ಲಿ ಮಿಂಚುಹುಳದಂಥ ಬಿಳಿ ಚುಕ್ಕೆ. ಒಂದು ದಿನ ಪೂರ್ತಿ ಸೆಟ್ಟಿಂಗ್ ತಿರುವುತ್ತ ಕಳೆದೆ. ವಿಷಯ ಇಷ್ಟೇ. ಗಾಜು ಬೆಳಕನ್ನು ಬಾಗಿಸುತ್ತದೆ. ನೆಲದಿಂದ ಸೂರ್ಯನ ಕಡೆ ನೇರ ಗೆರೆ ಎಳೆದು ನೋಡುವ ಸೈಕಲ್ಸ್‌ಗೆ ಗಾಜು ಅಡ್ಡ ಬಂದರೆ ಅದೊಂದು ಗೋಡೆ ಇದ್ದ ಹಾಗೆ, ನೆರಳು ಅಂತ ಬರೆದುಕೊಳ್ಳುತ್ತದೆ. ಮನೆಗಳ ರೆಂಡರ್ ಮಾಡುವವರಲ್ಲಿ ಇದಕ್ಕೊಂದು ಹಳೆಯ ಉಪಾಯ ಇದೆ: ಕಣ್ಣಿಗೆ ಕಾಣುವಾಗ ಅದು ಗಾಜಾಗಿರಲಿ, ನೆರಳಿನ ಲೆಕ್ಕ ಹಾಕುವಾಗ ಪಾರದರ್ಶಕ ಆಗಿಬಿಡಲಿ. ಬ್ಲೆಂಡರಿನಲ್ಲಿ ಗಾಜಿನದೊಂದು, ಪಾರದರ್ಶಕದ್ದೊಂದು ಶೇಡರ್ (ವಸ್ತುವಿನ ಮೈ ಹೇಗೆ ಕಾಣಬೇಕು ಅಂತ ಹೇಳುವಂಥದ್ದು) ಸೇರಿಸಿ, ಯಾವಾಗ ಯಾವುದು ಅಂತ ಆರಿಸಲು ನಡುವೆ ಲೈಟ್ ಪಾತ್ ನೋಡ್ ಇಟ್ಟರೆ ಆಯಿತು. ಹತ್ತು ನಿಮಿಷದ ಕೆಲಸ, ಗೊತ್ತಿದ್ದವರಿಗೆ.

ಇಷ್ಟಾದ ಮೇಲೆ ಕಾರ್ಡ್ ಬದಲಿಸಿದೆ. 12 ಜಿಬಿಯ ಆರ್‌ಟಿಎಕ್ಸ್ 3060. ಅದಕ್ಕಿಂತ ಹೊಸದು, ಜೋರಿನದು ಅಂಗಡಿಯಲ್ಲಿ ಇತ್ತು, ಆದರೆ ಮೆಮೊರಿ 8 ಜಿಬಿ. ಅಂಗಡಿಯ ಹುಡುಗ "ಗೇಮ್ ಆಡಾಕ ಇದು ಬೆಸ್ಟ್ ಸರ್" ಅಂತ ಹೊಸದನ್ನೇ ಮುಂದೆ ಮಾಡಿದ. ನಮ್ಮ ಕೆಲಸಕ್ಕೆ ವೇಗಕ್ಕಿಂತ ಮೆಮೊರಿ ಮುಖ್ಯ. ಸೀನು ಕಾರ್ಡಿನೊಳಗೆ ಹಿಡಿಸದಿದ್ದರೆ ವೇಗ ತಗೊಂಡು ಏನು ಮಾಡುವುದು? ರಾತ್ರಿ ಪೂರ್ತಿ ಓಡಿಯೂ ಮುಗಿಯದ ಪಡಸಾಲೆ ಈಗ ಒಂದು ಚಹಾ, ಒಂದು ಪ್ಲೇಟ್ ಗಿರಮಿಟ್ ಮುಗಿಯುವುದರೊಳಗೆ ಆಗುತ್ತದೆ. ಬೆಳಕು ಬರುವ ಜಾಗ ಇದು ಅಂತ ಸೈಕಲ್ಸ್‌ಗೆ ತೋರಿಸುವ ಪೋರ್ಟಲ್ ಅನ್ನು ಕಿಂಡಿಯ ಬಾಯಿಗೆ ಇಟ್ಟ ಮೇಲೆ ಕಾಳೂ ಕಡಿಮೆಯಾಯಿತು. ಡಿನಾಯ್ಸರ್ ಈಗಲೂ ಹಾಕುತ್ತೇನೆ, ಆದರೆ ಸಾಕಷ್ಟು ಸ್ಯಾಂಪಲ್ ಕೊಟ್ಟ ಮೇಲೆ. ಕಲ್ಲು ಕಲ್ಲಾಗಿಯೇ ಉಳಿಯುತ್ತದೆ.

ಗೋಡೆಯ ಬಣ್ಣದ ವಿಚಾರ ಒಂದು ಹೇಳಿಬಿಡುತ್ತೇನೆ, ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಿಳಿ ಗೋಡೆ ಅಂತ ಪೂರ್ತಿ ಬಿಳಿ, ಅಂದರೆ 1.0 ಕೊಡುತ್ತಿದ್ದೆ. ಬಿದ್ದ ಬೆಳಕನ್ನೆಲ್ಲ ಹಾಗೇ ವಾಪಸ್ ಕೊಡುವ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಒಳ್ಳೆಯ ಬಿಳಿ ಪೇಂಟ್ ಅಂದರೆ ಸುಮಾರು 0.8. ಒಂದು ಸಲ ಪುಟಿದರೆ ವ್ಯತ್ಯಾಸ ಸಣ್ಣದು, ಐದು ಸಲ ಪುಟಿದರೆ 0.8ರ ಗೋಡೆಯಲ್ಲಿ ಉಳಿಯುವುದು ಮೂರರಲ್ಲಿ ಒಂದು ಪಾಲು. ಕೇಶ್ವಾಪುರದ ಅಡುಗೆಮನೆ ಫೋಟೋದಲ್ಲಿ ಹೊಳೆದದ್ದರಲ್ಲಿ ಇದರ ಪಾಲೂ ಇತ್ತು.

ರಾತ್ರಿಯ ಬೆಳಕಿಗೆ ಬಂದರೆ ಬ್ಲೆಂಡರ್ ಒಂದು ಚೇಷ್ಟೆ ಮಾಡುತ್ತದೆ. ಅದರಲ್ಲಿ ಲೈಟಿನ ಬಲವನ್ನು ವ್ಯಾಟ್‌ನಲ್ಲಿ ಕೊಡಬೇಕು. 9 ವ್ಯಾಟಿನ ಬಲ್ಬು ಅಂತ 9 ಕೊಟ್ಟಿರಿ ಅಂದರೆ ಪಡಸಾಲೆ ಮದುವೆ ಮಂಟಪ ಆಗುತ್ತದೆ. ಅದು ಕೇಳುವುದು ಮೀಟರಿನಲ್ಲಿ ಓಡುವ ವ್ಯಾಟ್ ಅಲ್ಲ, ಬೆಳಕಾಗಿ ಹೊರಬೀಳುವ ವ್ಯಾಟ್. 800 ಲ್ಯೂಮೆನ್‌ನ ಎಲ್‌ಇಡಿ ಬಲ್ಬಿಗೆ ಅಲ್ಲಿ 2ರ ಆಸುಪಾಸು ಸಾಕು. ಲೈಟಿನ ಬೆಳಕು ಯಾವ ದಿಕ್ಕಿಗೆ ಎಷ್ಟು ಹರಡುತ್ತದೆ ಅಂತ ಹೇಳುವ, ಕಂಪನಿಯವರು ಕೊಡುವ ಐಇಎಸ್ ಫೈಲ್ ಹಾಕಿದರೆ ಗೋಡೆಯ ಮೇಲೆ ಬೆಳಕಿನ ಕಮಾನೂ ನಿಜದ್ದೇ ಬರುತ್ತದೆ. ಆದರೂ ಲಕ್ಸ್ ಎಷ್ಟು ಅಂತ ಲೆಕ್ಕ ಬೇಕಾದಾಗ ನಾನು ಬ್ಲೆಂಡರ್ ನಂಬುವುದಿಲ್ಲ, ಡಯಾಲಕ್ಸ್‌ಗೆ ಹೋಗುತ್ತೇನೆ. ಜರ್ಮನಿಯವರದು, ಪುಕ್ಕಟೆ. ಚಿತ್ರ ಅಷ್ಟಕ್ಕಷ್ಟೇ, ಅಂಕಿ ಗಟ್ಟಿ. ಮೇಷ್ಟ್ರ ಅಡುಗೆ ಕಟ್ಟೆಗೆ 300 ಬರುವವರೆಗೆ ಅಲ್ಲೇ ಲೈಟ್ ಸರಿಸಿದೆ.

ಬಣ್ಣದ ಜಗಳ ಬೇರೆ ಇತ್ತು. ನಾನು 3000 ಕೆಲ್ವಿನ್‌ನ ಬೆಚ್ಚನೆ ಬೆಳಕು ಹಾಕಿ ತೋರಿಸಿದರೆ ಮೇಷ್ಟ್ರ ಹೆಂಡತಿ ಮುಖ ಸಿಂಡರಿಸಿದರು. "ಹಳದಿ ಲೈಟ್ ಬ್ಯಾಡ್ರಿ, ಧಾಬಾ ಅನಿಸ್ತದ." ಮಗನಿಗೆ ಅದೇ ಬೇಕು. ಒಂದೇ ಪಡಸಾಲೆಯನ್ನು 3000, 4000, 6500ರಲ್ಲಿ ಮೂರು ಸಲ ಮಾಡಿ ಪಕ್ಕಪಕ್ಕ ಇಟ್ಟೆ. 6500ರಲ್ಲಿ ಕೆಂಪು ನೆಲದ ಜೀವವೇ ಹೋಗಿತ್ತು. ಅಮ್ಮ ಸುಮ್ಮನೆ ಬಹಳ ಹೊತ್ತು ನೋಡಿ ನಡುವಿನದರ ಮೇಲೆ ಬೆರಳಿಟ್ಟರು.

ಹೀಗಾಗಿ ಈಗ ನಮ್ಮಲ್ಲಿ ನಡೆಯುವುದು ಎರಡು ಎತ್ತಿನ ಬಂಡಿ. ಗ್ರಾಹಕರ ಎದುರು ಕೂತು ಗೋಡೆ ಅತ್ತ ಇತ್ತ ಸರಿಸುವಾಗ ಟ್ವಿನ್‌ಮೋಷನ್. ಹೊಸ ಕಾರ್ಡಿನಲ್ಲಿ ಅದು ಹಗುರವಾಗಿ ಓಡುತ್ತದೆ, ಅಲ್ಲಿ ಬೆಳಕು ಅಂದಾಜಿದ್ದರೂ ಆಗುತ್ತದೆ. ಅವರ ಕೈಗೆ ಕೊಟ್ಟು ಕಳಿಸುವ ಚಿತ್ರ ಸೈಕಲ್ಸ್‌ನಲ್ಲಿ, ಪಕ್ಕದ ಮನೆ ಸಮೇತ, ತಾರೀಖು ಮತ್ತು ಹೊತ್ತು ಚಿತ್ರದ ಕೆಳಗೆ ಬರೆದು. ಎನ್‌ಸ್ಕೇಪ್ ಬಿಟ್ಟಿದ್ದಕ್ಕೆ ಈಗಲೂ ಸ್ವಲ್ಪ ಬೇಜಾರಿದೆ. ಕೆಲಸ ಜಾಸ್ತಿ ಬಂದರೆ ಅದನ್ನೇ ತರಿಸುತ್ತೇನೇನೋ. ಚಿತ್ರದ ಕೆಳಗೆ ತಾರೀಖು ಬರೆಯಲು ಶುರು ಮಾಡಿದ ಮೇಲೆ ಇಬ್ಬರು ಗ್ರಾಹಕರು "ಇಷ್ಟು ಕತ್ತಲ ಯಾಕ್ರಿ" ಅಂತ ಕೇಳಿ, ನಾವು ಕಾರಣ ಹೇಳಿದ ಮೇಲೆ ಕಿಟಕಿ ದೊಡ್ಡದು ಮಾಡಿಸಿಕೊಂಡರು. ಒಬ್ಬರು ಕೇಳಿ ಬೇರೆ ಆರ್ಕಿಟೆಕ್ಟ್ ಹತ್ತಿರ ಹೋದರು.

2025ರ ಬಸವ ಜಯಂತಿ ಏಪ್ರಿಲ್ 30ಕ್ಕೆ ಬಂತು. ರಜೆ ದಿನ. ಮೇಷ್ಟ್ರು ಬೆಳಿಗ್ಗೆಯೇ ಫೋನ್ ಮಾಡಿದ್ದರು. ಸ್ಲ್ಯಾಬ್ ಹಾಕಿ, ಸೆಂಟ್ರಿಂಗ್ ಬಿಚ್ಚಿ ಆಗಿತ್ತು. ಬೆಳಕಿಂಡಿಗೆ ಇನ್ನೂ ಗಾಜು ಕೂರಿಸಿರಲಿಲ್ಲ, ನೆಲವೂ ಆಗಿರಲಿಲ್ಲ. ನಾನು ರೆಂಡರಿನ ಪ್ರಿಂಟ್ ಒಯ್ದಿದ್ದೆ, ಅವರು ಒಂದು ತೂಗುಗುಂಡು ಮತ್ತು ಸುಣ್ಣದ ಕಡ್ಡಿ ತಂದಿದ್ದರು. ಕಿಂಡಿಯ ನಾಲ್ಕು ಮೂಲೆಯಿಂದ ಗುಂಡು ಇಳಿಬಿಟ್ಟು ಕಾಂಕ್ರೀಟಿನ ಮೇಲೆ ಚೌಕ ಬರೆದೆವು. ಬಿಸಿಲಿನ ತುಂಡು ಪಶ್ಚಿಮದ ಗೋಡೆಯಿಂದ ಇಳಿದು ನೆಲದ ಮೇಲೆ ತೆವಳುತ್ತ ಬರುತ್ತಿತ್ತು. 12:20ಕ್ಕೆ ಚೌಕವನ್ನು ಮುಕ್ಕಾಲು ತುಂಬಿತು. 12:27ಕ್ಕೆ ಪೂರ್ತಿ. ಉತ್ತರದ ಅಂಚಿಗೆ ಒಂದೂವರೆ ಇಂಚು ಹೊರಗೆ ಚಾಚಿತ್ತು. ಇನ್ನೆರಡು ದಿನ ತಡೆದಿದ್ದರೆ ಅದೂ ಇರುತ್ತಿರಲಿಲ್ಲ.

ಪ್ರಿಂಟಿನಲ್ಲಿ ಚೌಕ ಪಡಸಾಲೆಯ ನಟ್ಟನಡುವೆ ಇತ್ತು. ಇಲ್ಲಿ ಗೋಡೆಯಿಂದ ಟೇಪ್ ಹಿಡಿದರೆ 4 ಇಂಚು ಪೂರ್ವಕ್ಕೆ. ಕಬ್ಬಿಣದ ಸರಳು ಅಡ್ಡ ಬಂತು ಅಂತ ಮೇಸ್ತ್ರಿ ಕಿಂಡಿಯನ್ನೇ ಸರಿಸಿದ್ದ, ಯಾರಿಗೂ ಹೇಳದೆ.

ಮೇಷ್ಟ್ರಿಗೆ ಅದು ಮನಸ್ಸಿಗೆ ಬರಲೇ ಇಲ್ಲ. ಮೊಳಕಾಲೂರಿ ಕೂತು, ಬಿಸಿಲಿನ ಮಬ್ಬು ಅಂಚಿನ ಮೇಲೆ ಬೆರಳಾಡಿಸಿ, ಚೌಕದ ನಡುವೆ ಒಂದು ದುಂಡನೆ ಗೆರೆ ಎಳೆದರು. "ಒರಳು ಇಲ್ಲಿ ಬರಲಿ" ಅಂದರು. ಆಮೇಲೆ ಗಡಿಯಾರ ನೋಡಿ, "ಊಟಕ್ಕ ನಡೀರಿ."